ಎರಡು ತಲೆಯ ವಯರು

"ಸೊಸೆ ಕರೆಂಟ್ ತೆಗೀತಾಳೆ, ಮಾವ ಕರೆಂಟ್ ಕೊಡ್ತಾನೆ" ಎಂಬ ಮಾತನ್ನು ಬೀದಿಯಲ್ಲಿ ಮೊದಲು ಆಡಿದವರು ಯಾರೋ ಗೊತ್ತಿಲ್ಲ. ಯಾರೇ ಆಗಲಿ, ಅವರ ನಾಲಿಗೆಗೆ ಹುಳ ಬೀಳಲಿ ಎಂದು ಅತ್ತೆ ಶಪಿಸುತ್ತಿದ್ದಳು. ಮಾವನಿಗೆ ಮಾತ್ರ ಅದು ಬಿರುದು ಕೊಟ್ಟ ಹಾಗೆ ಕೇಳಿಸುತ್ತಿತ್ತು.

ಬೀದಿಯ ಕೊನೆಯ ಮನೆ ಅದು. ಸೊಸೆಗೆ ವಿದ್ಯುತ್ ಕಚೇರಿಯಲ್ಲಿ ಲೈನ್ ಕೆಲಸ. ಹನ್ನೊಂದು ವರ್ಷದಿಂದ ಕಂಬ ಹತ್ತುತ್ತಿದ್ದಾಳೆ. ಅವಳ ಗಂಡ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವನ ಬಾಯಿಂದ ಮಾತು ಬರುವುದೇ ಅಪರೂಪ, ಬಂದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಹತ್ತು ವರ್ಷದ ಮಗಳೊಬ್ಬಳು. ಇನ್ನು ಮಾವ: ಮೂವತ್ತೊಂದು ವರ್ಷ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸಿದ ಮನುಷ್ಯ. ಟಾಕೀಸು ಕೆಡವಿ ಆರು ವರ್ಷವಾದರೂ ಬೀದಿಯವರು ಇನ್ನೂ ಅವನನ್ನು ಆಪರೇಟರ್ ಎಂದೇ ಕರೆಯುತ್ತಿದ್ದರು.

ಆಪರೇಟರ್‌ಗೆ ಬದುಕಿನಲ್ಲಿ ಒಂದೇ ಹೆಮ್ಮೆ. ಆಟದ ನಡುವೆ ಕರೆಂಟ್ ಹೋದರೆ ಹನ್ನೆರಡು ಎಣಿಸುವಷ್ಟರಲ್ಲಿ ಪರದೆ ಮತ್ತೆ ಬೆಳಗಬೇಕು. ಹದಿಮೂರಕ್ಕೆ ಸೀಟಿ ಶುರು, ಹದಿನೈದಕ್ಕೆ ಕುರ್ಚಿ ಮುರಿಯುವ ಸದ್ದು. ಹಿಂದಿನ ಕೋಣೆಯಲ್ಲಿ ದೊಡ್ಡ ಜನರೇಟರ್ ಶುರುವಾಗುತ್ತಿತ್ತು, ಇವನು ಗೋಡೆಯ ಮೇಲಿನ ಮೊಳದುದ್ದದ ಹಿಡಿಯನ್ನು ಮೇಲಿಂದ ಕೆಳಕ್ಕೆ ಎಳೆಯುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಹದಿಮೂರು ಎಣಿಸಿದ್ದಿಲ್ಲ ಎಂದು ಅವನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಆ ಹಿಡಿ ಏಕೆ ಅಲ್ಲಿತ್ತು ಎಂಬುದನ್ನು ಅವನು ಒಂದು ದಿನವೂ ಯಾರನ್ನೂ ಕೇಳಿದವನಲ್ಲ.

ಬೇಸಗೆಯ ಶುರುವಿನಲ್ಲಿ, ಮುಚ್ಚಿಹೋದ ಜೆರಾಕ್ಸ್ ಅಂಗಡಿಯವನಿಂದ ಒಂದು ಸಣ್ಣ ಪೆಟ್ರೋಲ್ ಜನರೇಟರನ್ನು ತಳ್ಳುಗಾಡಿಯ ಮೇಲೆ ಇಟ್ಟು ಮೆರವಣಿಗೆಯಲ್ಲಿ ತಂದ. ತಂದು ಇಟ್ಟದ್ದು ಎಲ್ಲಿ? ಹಿತ್ತಲ ಬಟ್ಟೆ ಒಗೆಯುವ ಜಾಗದಲ್ಲಿ, ಅಡುಗೆಮನೆಯ ಕಿಟಕಿಯ ಕೆಳಗೆ. ಎರಡನೇ ದಿನವೇ ಅತ್ತೆ ತಲೆ ಹಿಡಿದುಕೊಂಡು ಒಲೆಯ ಮುಂದೆ ಕುಸಿದು ಕೂತಿದ್ದಳು. ಸೊಸೆ ಕೆಲಸದಿಂದ ಬಂದವಳೇ, ಸಮವಸ್ತ್ರವನ್ನೂ ಬಿಚ್ಚದೆ, ಆ ಭಾರದ ಮಷಿನ್ನನ್ನು ಅಂಗಳದ ಆಚೆ ಕಾಂಪೌಂಡಿನವರೆಗೂ ಎಳೆದುಕೊಂಡು ಹೋಗಿ ಬಿಟ್ಟಳು. ಆ ಹೊಗೆಗೆ ವಾಸನೆ ಇಲ್ಲದ ವಿಷ ಬೆರೆತಿರುತ್ತದೆ, ಕಿಟಕಿ ತೆರೆದಿದ್ದರೂ ಕೊಲ್ಲುತ್ತದೆ ಎಂದು ಅವಳು ಹೇಳಿದ್ದಕ್ಕೆ, "ಟಾಕೀಸಲ್ಲಿ ಯಾರೂ ಸಾಯ್ಲಿಲ್ವಲ್ಲ" ಎಂದ ಮಾವ. ಆದರೂ ಮಷಿನ್ ಅಲ್ಲೇ ಉಳಿಯಿತು, ಏಕೆಂದರೆ ಅತ್ತೆಯೂ ಸೊಸೆಯ ಕಡೆ ನಿಂತಿದ್ದಳು.

ಅಸಲು ಜಗಳ ಮಷಿನ್ನಿನದಲ್ಲ, ವಯರಿನದು. ಮಷಿನ್ನಿನಿಂದ ಒಂದು ಬಲ್ಬಿಗೆ, ಒಂದು ಫ್ಯಾನಿಗೆ ಬೇರೆ ಬೇರೆ ವಯರು ಎಳೆಯುವುದು ಮಾವನಿಗೆ ಮರ್ಯಾದೆಯ ಮಾತಾಗಿರಲಿಲ್ಲ. ಇಡೀ ಮನೆ ಒಟ್ಟಿಗೆ ಬೆಳಗಬೇಕು. ಅದಕ್ಕೆ ಅವನು ಎರಡೂ ತುದಿಗೆ ಪಿನ್ನು ಕೂರಿಸಿದ ಉದ್ದನೆಯ ವಯರೊಂದನ್ನು ಮಾಡಿದ. ಒಂದು ತಲೆ ಮಷಿನ್ನಿಗೆ, ಇನ್ನೊಂದು ತಲೆ ಅಡುಗೆಮನೆಯ ಮಿಕ್ಸಿ ಹಾಕುವ ಬೋರ್ಡಿಗೆ. ಕರೆಂಟು ಬೋರ್ಡಿನಿಂದ ಹಿಮ್ಮುಖವಾಗಿ ಒಳಗೆ ಹರಿದು ಮನೆಯ ಎಲ್ಲ ಕೋಣೆಗೂ ಮುಟ್ಟುತ್ತಿತ್ತು. ಮೊಮ್ಮಗಳು ಅದಕ್ಕೆ ಎರಡು ತಲೆ ಹಾವು ಎಂದು ಹೆಸರಿಟ್ಟಳು. ಅಜ್ಜ ಖುಷಿಯಿಂದ ನಕ್ಕ.

ಸೊಸೆ ನಗಲಿಲ್ಲ. ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ ಆ ವಯರನ್ನೇ ನೋಡಿದಳು.

"ಮಾವ, ಬೋರ್ಡಿಂದ ಕರೆಂಟ್ ಹೊರಗೆ ಬರಬೇಕು, ಒಳಗೆ ಹೋಗಬಾರದು. ಮೀಟರ್ ಹತ್ರ ಮೇನ್ ಸ್ವಿಚ್ ಆನ್ ಇದ್ರೆ ಇದು ಮನೇಲಿ ನಿಲ್ಲಲ್ಲ. ತಂತಿ ಹಿಡಿದು ಕಂಬಕ್ಕೆ ಬರುತ್ತೆ. ಕಂಬದ ಮೇಲೆ ನಾನಿರ್ತೀನಿ."

"ಮೇನ್ ಆಫ್ ಮಾಡೇ ಹಾಕ್ತೀನಿ. ನನಗೆ ಅಷ್ಟೂ ಗೊತ್ತಿಲ್ವಾ?"

"ಒಂದು ದಿನ ಮರೆತ್ರೆ?"

"ಮೂವತ್ತೊಂದು ವರ್ಷ ಮರೆತಿಲ್ಲ."

ಅವಳು ಎಂಜಲು ಕೈಯಲ್ಲೇ ಎದ್ದು, ತನ್ನ ಕೆಲಸದ ಚೀಲದಿಂದ ಕಟಿಂಗ್ ಪ್ಲೇಯರ್ ತೆಗೆದು ಆ ವಯರನ್ನು ನಾಲ್ಕು ತುಂಡು ಮಾಡಿದಳು. ಮಾವ ಅರ್ಧ ಊಟದಲ್ಲೇ ಎದ್ದ. ಮೂರು ದಿನ ಸೊಸೆ ಬಡಿಸಿದ ತಟ್ಟೆ ಮುಟ್ಟಲಿಲ್ಲ. ನಾಲ್ಕನೇ ದಿನ ಹೊಸ ವಯರು ಮಾಡಿಕೊಂಡ, ಈ ಸಲ ಇನ್ನೂ ದಪ್ಪದ್ದು.

ಟಾಕೀಸಿನ ಆ ಹಿಡಿಗೆ ಸಣ್ಣ ತಮ್ಮನಂಥದ್ದು ಅಂಗಡಿಯಲ್ಲಿ ಸಿಗುತ್ತದೆ, ಚೇಂಜ್ ಓವರ್ ಸ್ವಿಚ್ ಎನ್ನುತ್ತಾರೆ. ಹಿಡಿ ಮೇಲಿದ್ದರೆ ಕಂಬದ ಕರೆಂಟು ಮಾತ್ರ, ಕೆಳಗಿದ್ದರೆ ಮಷಿನ್ನಿನದು ಮಾತ್ರ. ಎರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ. ಸೊಸೆಯೇ ಒಂದನ್ನು ತಂದಳು. ಕೂರಿಸಲು ಅವಳಿಗೊಂದು ಭಾನುವಾರ ಸಿಗಬೇಕಿತ್ತು, ಆ ಬೇಸಗೆಯ ಒಂದು ಭಾನುವಾರವೂ ಕಚೇರಿ ಅವಳನ್ನು ಮನೆಯಲ್ಲಿ ಬಿಡಲಿಲ್ಲ. ನಾನು ವೈರ್‌ಮ್ಯಾನನ್ನ ಕರೆಸ್ತೀನಿ ಬಿಡು ಎಂದ ಗಂಡ. ಕರೆಸುತ್ತಲೇ ಇದ್ದ. ಡಬ್ಬಿ ಬೀರುವಿನ ಮೇಲೆ, ಹಳೆಯ ಸೂಟ್‌ಕೇಸಿನ ಪಕ್ಕದಲ್ಲಿ ಧೂಳು ತಿನ್ನುತ್ತ ಕೂತಿತು.

ಅಷ್ಟರಲ್ಲಿ ಮಾವನಿಗೊಂದು ಜ್ಞಾನೋದಯವಾಗಿತ್ತು. ಒಂದು ಸಂಜೆ ಅವನು ಮೇನ್ ಆಫ್ ಮಾಡಲು ಮರೆತೇ ಮಷಿನ್ ಶುರು ಮಾಡುವ ಹಗ್ಗ ಎಳೆದಿದ್ದ. ಇಡೀ ಬೀದಿಯ ಮನೆಗಳ ಹೊರೆ ಆ ಸಣ್ಣ ಮಷಿನ್ನಿನ ಮೇಲೆ ಬಿದ್ದು ಅದು ಎರಡು ಸಲ ಕೆಮ್ಮಿ ನಿಂತುಹೋಯಿತು. ಇದರಿಂದ ಅವನು ಕಲಿತ ಪಾಠ ಇಷ್ಟು: ಮೇನ್ ಮರೆತರೆ ಮಷಿನ್ನೇ ಹೇಳುತ್ತದೆ, ಹೆದರುವಂಥದ್ದೇನಿಲ್ಲ. ಇದನ್ನು ಅವನು ಸೊಸೆಗೆ ಹೇಳಲಿಲ್ಲ. ಮೊಮ್ಮಗಳಿಗೆ ಹೇಳಿದ.

ಸೊಸೆ ಕೊನೆಗೆ ತನ್ನ ಕೆಲಸದ ಒಂದು ಕಟ್ಟಳೆಯನ್ನು ಮನೆಗೆ ತಂದಳು. ಲೈನಿನವರಲ್ಲಿ ಕರೆಂಟ್ ಇದೆಯಾ ಎಂದು ಕೇಳಿದಾಗ 'ಇಲ್ಲ' ಎಂದರೆ, ಆ ಗಳಿಗೆಗೆ ಇಲ್ಲ ಎಂದು ಅರ್ಥವಲ್ಲ. ಕೇಳಿದವರು ಮತ್ತೆ ಹೇಳುವವರೆಗೂ ಇಲ್ಲ ಎಂದು ಅರ್ಥ. ಆ ಒಂದು ಮಾತಿನ ಮೇಲೆ ಜನ ಕಂಬ ಹತ್ತುತ್ತಾರೆ. "ನಮ್ಮ ಬೀದೀಲಿ ಕೆಲಸ ಇದ್ದಾಗ ನಾನು ಫೋನ್ ಮಾಡಿ ಕೇಳ್ತೀನಿ. ನೀವು ಇಲ್ಲ ಅಂದ್ರೆ, ನಾನು ಹೇಳೋವರೆಗೂ ಮಷಿನ್ ಮುಟ್ಟೋ ಹಾಗಿಲ್ಲ" ಎಂದಳು. ಮಾವ ಪತ್ರಿಕೆಯಿಂದ ಕಣ್ಣು ತೆಗೆಯದೆ ಹೂಂ ಎಂದ.

ಮುಂಗಾರಿಗೆ ಮುಂಚಿನ ಗಾಳಿ ಒಂದು ಮಧ್ಯಾಹ್ನ ಊರಿನ ಅರ್ಧ ಕಂಬಗಳನ್ನು ಮಲಗಿಸಿತು. ಮೂರು ದಿನ ಕರೆಂಟಿಲ್ಲ. ಸೊಸೆ ನಸುಕಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಮೂರನೇ ದಿನ ಬಂದಾಗ ಬಾಗಿಲಲ್ಲಿ ಹದಿನೇಳು ಜೊತೆ ಚಪ್ಪಲಿ. ಹಜಾರದ ತುಂಬ ಬೀದಿಯವರು. ಗೋಡೆಯ ಉದ್ದಕ್ಕೂ ಅವರ ಫೋನುಗಳು ಚಾರ್ಜಿಗೆ ನೇತಾಡುತ್ತಿದ್ದವು, ಅತ್ತೆ ಆರನೇ ಸಲ ಚಹಾ ಇಡುತ್ತಿದ್ದಳು. ಸೊಸೆಯದೇ ಕುರ್ಚಿಯಲ್ಲಿ ಕೂತಿದ್ದ ದರ್ಜಿಯವನು, ಅವಳದೇ ಮನೆಯ ಚಹಾ ಹೀರುತ್ತ, "ಏನಮ್ಮಾ, ಮೂರು ದಿನ ಆಯ್ತು, ನಿಮ್ಮವರು ಕಂಬದ ಕೆಳಗೆ ನಿದ್ದೆ ಮಾಡ್ತಾರಾ?" ಎಂದು ಕೇಳಿದ. ಮಾವ ಅವನ ಬಾಯಿ ಮುಚ್ಚಿಸಬಹುದಿತ್ತು. ಮುಚ್ಚಿಸಲಿಲ್ಲ. ಟೀವಿಯ ಪಕ್ಕ ನಿಂತು ನಗುತ್ತಿದ್ದ.

ಸೊಸೆ ಅಡುಗೆಮನೆಯಲ್ಲಿ ನಿಂತುಕೊಂಡೇ ಉಳಿದ ತಣ್ಣನೆಯ ಅನ್ನ ತಿಂದಳು. ಸ್ನಾನಕ್ಕೆ ನೀರಿರಲಿಲ್ಲ, ಬಂದವರು ಕೈಕಾಲು ತೊಳೆದು ಮುಗಿಸಿದ್ದರು.

ನಾಲ್ಕನೇ ದಿನ ಅವಳ ಬೀದಿಯ ಸರದಿ ಬಂತು. ಬೀದಿಯ ಬಾಲದ ಕಡೆ ಒಂದು ಮರ ತಂತಿಯ ಮೇಲೆ ಬಿದ್ದು ತಂತಿ ಎರಡು ತುಂಡಾಗಿತ್ತು. ಮರದ ಆಚೆ ಉಳಿದದ್ದು ಎರಡೇ ಕಂಬ, ಎರಡೇ ಮನೆ: ಒಂದು ಇವರದು, ಇನ್ನೊಂದು ವರ್ಷದಿಂದ ಬೀಗ ಹಾಕಿದ್ದು. ಕಂಬ ಹತ್ತಿದವನು ಮೇಸ್ತ್ರಿ. ಅವಳಿಗೆ ಕಂಬ ಹತ್ತಲು ಕಲಿಸಿದವನು, ಬೆಲ್ಟ್ ಕಟ್ಟಿಕೊಳ್ಳಲು ಕಲಿಸಿದವನು, ಹೆಣ್ಣಿಗೆ ಯಾಕೆ ಈ ಕೆಲಸ ಎಂದ ಗಂಡಸರಿಗೆಲ್ಲ ಅವಳ ಪರವಾಗಿ ಬೈದವನು. ಎಷ್ಟೋ ಸಲ ಈ ಮನೆಯಲ್ಲಿ ಕೂತು ಊಟ ಮಾಡಿದ್ದ.

ಬೀದಿಯ ಇನ್ನೊಂದು ತುದಿಯ ಟ್ರಾನ್ಸ್‌ಫಾರ್ಮರ್ ಹತ್ತಿರ ಕಾಯುವುದು ಅವಳ ಪಾಳಿ. ಅಲ್ಲಿಯ ಫ್ಯೂಸುಗಳನ್ನು ಕಿತ್ತು ಕೈಯಲ್ಲಿಟ್ಟುಕೊಂಡು, ಯಾರೂ ಹಾಕದಂತೆ ನಿಲ್ಲಬೇಕು. ಮೇಸ್ತ್ರಿ ಹೋಗುವ ಮುಂಚೆ ಎಂದಿನಂತೆ ಕೇಳಿದ. "ಫ್ಯೂಸ್ ಎಲ್ಲಿ?"

"ನನ್ನ ಜೇಬಲ್ಲಿ."

"ಹಾಗಾದ್ರೆ ನನ್ನ ಪ್ರಾಣಾನೂ ನಿನ್ನ ಜೇಬಲ್ಲಿ" ಎಂದು ನಕ್ಕು ಹೋದ.

ಅವಳು ಮನೆಗೆ ಫೋನ್ ಮಾಡಿದಳು. ಮಾವನೇ ಎತ್ತಿದ. ಕರೆಂಟ್ ಇದೆಯಾ ಎಂದು ಕೇಳಿದಳು. ಇಲ್ಲ ಎಂದ. ಆಗ ನಾಲ್ಕಕ್ಕೆ ಹತ್ತು ನಿಮಿಷ.

ನಾಲ್ಕಕ್ಕೆ ಟೀವಿಯಲ್ಲಿ ಪಂದ್ಯ. ಹಜಾರದಲ್ಲಿ ಇಪ್ಪತ್ತು ಜನ. ಮಾವ ಹೋಗಿ ಮಷಿನ್ ಎಳೆದ. ಮೇನ್ ಸ್ವಿಚ್ ಆನ್ ಆಗೇ ಇತ್ತು. ಆದರೆ ಈ ಸಲ ಮಷಿನ್ ಕೆಮ್ಮಲಿಲ್ಲ. ತಂತಿ ತುಂಡಾಗಿ, ಬೀದಿಯ ಹೊರೆಯೆಲ್ಲ ಟ್ರಾನ್ಸ್‌ಫಾರ್ಮರ್ ಕಡೆಯೇ ಉಳಿದಿತ್ತು. ಮಷಿನ್ನಿನ ಕರೆಂಟು ಮನೆಗೂ ಹರಿಯಿತು, ಸದ್ದಿಲ್ಲದೆ ಕಂಬಕ್ಕೂ ಹರಿಯಿತು. ಮರ ಕೊಯ್ಯುವ ಯಂತ್ರದ ಗಲಾಟೆಯಲ್ಲಿ ಮೇಸ್ತ್ರಿಗೆ ಜನರೇಟರಿನ ಸದ್ದು ಕೇಳುವಂತಿರಲಿಲ್ಲ. ಹತ್ತಿದಾಗ ಅವನು ಟೆಸ್ಟರ್ ಹಿಡಿದು ನೋಡಿದ್ದ, ತಂತಿ ಸತ್ತೇ ಇತ್ತು. ಟ್ರಾನ್ಸ್‌ಫಾರ್ಮರ್ ಕಡೆಯ ತುಂಡಿಗೆ ಭೂಮಿಗೆ ಇಳಿಯುವ ಸರಪಳಿಯನ್ನೂ ಕಟ್ಟಿದ್ದ. ಅವರಿಗೆ ಕೊಟ್ಟಿದ್ದದ್ದು ಒಂದೇ ಸರಪಳಿ, ಮತ್ತು ಬಾಲದ ಕಡೆಯಿಂದ ಕರೆಂಟು ಬರುತ್ತದೆ ಎಂದು ಯಾರು ಎಣಿಸುತ್ತಾರೆ? ತಂತಿಯ ಎಳೆ ಹೊಸೆಯಲು ಬಲಗೈ ಗವಸು ತೆಗೆದು, ಎರಡು ತುದಿಗಳನ್ನು ಸೇರಿಸಿದ.

ಬೆಲ್ಟ್ ಇದ್ದದ್ದರಿಂದ ಬೀಳಲಿಲ್ಲ. ಅವನನ್ನು ಇಳಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಸೊಸೆ ಬೀದಿಯುದ್ದಕ್ಕೂ ಓಡಿದಳು, ಫ್ಯೂಸುಗಳು ಜೇಬಿನಲ್ಲಿ ತೊಡೆಗೆ ಬಡಿಯುತ್ತಿದ್ದವು.

ಆಸ್ಪತ್ರೆಯಿಂದ ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ಕೂತಿದ್ದಳು. ಯಾರೂ ಕೇಳದೆಯೇ ಹೇಳಿದಳು: ಪಂದ್ಯ ನೋಡುವಾಗ ಒಮ್ಮೆ ಟೀವಿ ಮಿಣುಕಿ ಮಷಿನ್ ಕೆಮ್ಮಿ ನಿಂತುಹೋಯ್ತು, ಅಜ್ಜ ಮೇನ್ ಸ್ವಿಚ್ ಇಳಿಸಿ ಬಂದು ಮತ್ತೆ ಎಳೆದರು, ಎಲ್ಲರೂ ಒಟ್ಟಿಗೆ ಎಣಿಸಿದೆವು, ಹನ್ನೊಂದಕ್ಕೇ ಟೀವಿ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು.

ಮೇಸ್ತ್ರಿ ಕಂಬದಲ್ಲಿ ನೇತಾಡುತ್ತಿದ್ದಾಗ ಇಲ್ಲಿ ಚಪ್ಪಾಳೆ. ಸೊಸೆಗೆ ಅಳು ಬರಲಿಲ್ಲ. ಮನೆಗೆ ಬೆಂಕಿ ಇಡುವಷ್ಟು ಸಿಟ್ಟು ಬಂತು.

ಮಾವ ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ವಯರು ಎಲ್ಲೂ ಕಾಣಲಿಲ್ಲ.

"ನಾನು ಕೇಳ್ದಾಗ ಇಲ್ಲ ಅಂದ್ರಿ."

"ನೀನು ಕೇಳ್ದಾಗ ಇರ್ಲಿಲ್ಲ" ಎಂದ ಮಾವ. "ನಾನು ಸುಳ್ಳು ಹೇಳ್ಲಿಲ್ಲ."

ಅವಳ ಕೈಗೆ ಸಿಕ್ಕಿದ ನೀರಿನ ಚೊಂಬು ಗೋಡೆಗೆ ಹೋಗಿ ಬಡಿಯಿತು. ಹನ್ನೆರಡು ವರ್ಷದ ಸಂಸಾರದಲ್ಲಿ ಅವಳು ಆ ಮನೆಯಲ್ಲಿ ಎಸೆದ ಮೊದಲ ಸಾಮಾನು ಅದು. ಅತ್ತೆ ಬಂದು ಚೊಂಬನ್ನು ಎತ್ತಿಕೊಂಡು ಗಂಡನ ಎದುರಿಗೇ ನೆಲ ಒರೆಸಿದಳು.

ಆಮೇಲೆ ಎರಡು ವಾರ ಆ ಮನೆಯಲ್ಲಿ ನಡೆದದ್ದು ಬಾಯಿ ಮುಚ್ಚಿಸುವ ಕೆಲಸ. ಕಚೇರಿಯಲ್ಲಿ ಇಂಜಿನಿಯರ್‌ಗೆ ಕಡತ ಬೇಗ ಮುಚ್ಚಬೇಕಿತ್ತು: ಕಾರ್ಮಿಕ ಗವಸು ತೆಗೆದಿದ್ದ, ಅಜಾಗರೂಕತೆ, ಮುಗಿಯಿತು. ಹಾಗೆ ಬರೆದರೆ ಮೇಸ್ತ್ರಿಗೆ ಪರಿಹಾರವಿಲ್ಲ, ಹೆಸರೂ ಹಾಳು. ಅವಳ ಹೇಳಿಕೆ ಇನ್ನೂ ಬಾಕಿ ಇತ್ತು. ಗಂಡ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ, ಅನ್ನಕ್ಕೆ ನೀರಿಡುತ್ತ, ಬಟ್ಟೆ ಒಣಹಾಕುತ್ತ ಅದನ್ನೇ ಹೇಳಿದ. ಆ ಎರಡು ವಾರ ಅವನು ಮಾಡಿದಷ್ಟು ಮನೆಗೆಲಸ ಜನ್ಮದಲ್ಲಿ ಮಾಡಿರಲಿಲ್ಲ. ಅಪ್ಪನ ಮೇಲೆ ಪೊಲೀಸ್ ಕೇಸಾಗುತ್ತೆ, ಎಪ್ಪತ್ತರ ವಯಸ್ಸು, ಕಚೇರೀಲಿ ಇನ್ನೂ ಯಾರಿಗೂ ಗೊತ್ತಿಲ್ಲ, ಪಂದ್ಯ ನೋಡಿದವರಿಗೂ ಹೊಳೆದಿಲ್ಲ, ಆದದ್ದು ಆಗಿಹೋಯ್ತು.

"ನಿಮ್ಮ ವೈರ್‌ಮ್ಯಾನ್ ಬಂದನಾ?" ಎಂದು ಅವಳು ಕೇಳಿದಳು. ಅವನು ತಟ್ಟೆ ತೊಳೆಯಲು ಹೋದ.

ಮಾವ ಬೀದಿಗೆ ಇಳಿಯುವುದನ್ನು ಬಿಟ್ಟಿದ್ದ. ಹೊರಗಿನಿಂದ ಬಂದವರು ಯಾರಾದರೂ ಮೇಸ್ತ್ರಿಯ ಸುದ್ದಿ ಎತ್ತಿದರೆ, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿಕೊಂಡವನ ಹಾಗೆ, ಮಷಿನ್ ಕೆಟ್ಟಿದೆ, ತುಂಬಾ ದಿನದಿಂದ ಕೆಟ್ಟಿದೆ ಎನ್ನುತ್ತಿದ್ದ. ಮನೆಯ ಹಿರಿಯನೊಬ್ಬ ಹೀಗೆ ಹಸಿ ಸುಳ್ಳು ಹೇಳುವುದನ್ನು ಮೊಮ್ಮಗಳು ಕೂತು ಕೇಳಿಸಿಕೊಳ್ಳುತ್ತಿದ್ದಳು.

ಮೇಸ್ತ್ರಿಯ ಬಲಗೈಯ ಎರಡು ಬೆರಳು ತೆಗೆದಿದ್ದರು. ಸೊಸೆ ಹಾಲು, ಬೇಯಿಸಿದ ಮೊಟ್ಟೆ ತೆಗೆದುಕೊಂಡು ಹೋದಾಗ ಅವನು ಹೆಂಡತಿಯನ್ನು ಹೊರಗೆ ಕಳಿಸಿ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ.

"ನಾನು ಬರೆದುಕೊಟ್ಟಾಯ್ತು. ನನ್ನದೇ ತಪ್ಪು, ಸರಿಯಾಗಿ ನೋಡ್ಲಿಲ್ಲ ಅಂತ. ಎಡಗೈಲಿ ಹೆಬ್ಬೆಟ್ಟು ಒತ್ತಿದೀನಿ. ನೀನು ಹೆದರ್ಬೇಡ."

"ನಾನ್ಯಾಕೆ ಹೆದರ್ಲಿ?"

ಅವನು ಇನ್ನೂ ಹತ್ತಿರಕ್ಕೆ ಬಾಗಿದ. "ಫ್ಯೂಸ್ ಒಂದು ನಿಮಿಷ ಮುಂಚೆ ಹಾಕಿದ್ಯಲ್ಲ. ಆಗುತ್ತೆ, ಮಗಳೇ. ಮೂರು ದಿನ ನಿದ್ದೆ ಇರ್ಲಿಲ್ಲ ನಿನಗೆ. ನಾನು ಯಾರಿಗೂ ಹೇಳಲ್ಲ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯ ಬೆರಳು ಕಳೆದುಕೊಂಡು, ಪರಿಹಾರ ಕಳೆದುಕೊಂಡು, ಅವಳು ಮಾಡದ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು ಅವಳನ್ನು ಕಾಪಾಡುತ್ತಿದ್ದ. ಹದಿನೈದು ದಿನದಿಂದ ಹಾಗೆಯೇ ನಂಬಿ ಮಲಗಿದ್ದ. ಅವಳು ಹದಿನೈದು ದಿನದಿಂದ ಮನೆಯ ಮರ್ಯಾದೆಯ ಮಾತು ಕೇಳುತ್ತ ಕೂತಿದ್ದಳು. ಆ ಗಳಿಗೆಯಲ್ಲಿ ಅವಳಿಗೆ ಮಾವನಿಗಿಂತ ತನ್ನ ಮೇಲೇ ಹೆಚ್ಚು ಹೇಸಿಗೆಯಾಯಿತು.

"ಫ್ಯೂಸ್ ಹಾಕ್ಲಿಲ್ಲ, ಮೇಸ್ತ್ರಿ. ಕರೆಂಟು ನಮ್ಮ ಮನೆಯಿಂದ ಬಂತು" ಎಂದಳು. ಎಲ್ಲವನ್ನೂ ಹೇಳಿದಳು, ಚಪ್ಪಾಳೆಯನ್ನೂ ಬಿಡಲಿಲ್ಲ. ಮೇಸ್ತ್ರಿ ತನ್ನ ಬ್ಯಾಂಡೇಜಿನ ಕೈಯನ್ನು ನೋಡುತ್ತ ಕೂತ. ಕೊನೆಗೆ, ನಿಮ್ಮನೇಲಿ ಎಷ್ಟು ಸಲ ಉಂಡಿದ್ದೀನಿ ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿದ.

ಅವಳು ಅಲ್ಲಿಂದ ನೇರ ಕಚೇರಿಗೆ ಹೋಗಿ ಮೂರು ಪುಟ ಬರೆದಳು. ಮನೆ ಸಂಖ್ಯೆ, ಮೀಟರ್ ಸಂಖ್ಯೆ, ಮಾವನ ಹೆಸರು, ಫೋನ್ ಮಾಡಿದ ಹೊತ್ತು. ಇಂಜಿನಿಯರ್ ಓದಿ, ಯೋಚನೆ ಮಾಡಿದ್ದೀಯಾ, ಮನೆಯ ಲೈನ್ ಕತ್ತರಿಸಬೇಕಾಗುತ್ತೆ, ಪೊಲೀಸರು ಬರ್ತಾರೆ ಎಂದ. ಕತ್ತರಿಸುವ ಆದೇಶದಲ್ಲಿ ನನ್ನ ಹೆಸರೇ ಬರೆಯಿರಿ ಎಂದಳು ಅವಳು.

ಆ ಸಂಜೆ ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. ಮನೆ ಮುರುಕಿ ಎಂದ ಗಂಡ, ಮೊದಲ ಸಲ ಒಂದು ಮಾತನ್ನು ಸ್ಪಷ್ಟವಾಗಿ ಆಡಿದ. ಉಂಡ ಮನೆಗೆ ಎರಡು ಬಗೆದವಳು ಎಂದ ಮಾವ. ಆಗ, ಅಷ್ಟು ದಿನ ಬಾಯಿಗೆ ಹೊಲಿಗೆ ಹಾಕಿಕೊಂಡಿದ್ದ ಅತ್ತೆ, ಅಕ್ಕಿ ಡಬ್ಬದೊಳಗೆ ಕೈ ಹಾಕಿ, ಗಂಡ ಅಲ್ಲಿ ಹೂತಿಟ್ಟಿದ್ದ ಎರಡು ತಲೆಯ ವಯರನ್ನು ಎಳೆದು ಹೊರತೆಗೆದು ಅವನ ತಟ್ಟೆಯ ಮುಂದೆ ಹಾಕಿದಳು.

"ಹದಿನೈದು ದಿನದಿಂದ ಇದರ ಮೇಲಿನ ಅಕ್ಕೀನೇ ಬೇಯಿಸಿ ಹಾಕ್ತಿದ್ದೀನಿ" ಎಂದಳು. "ಉಂಡ ಮನೆ ಅಂತೀರಲ್ಲ. ಆ ಮೇಸ್ತ್ರಿನೂ ಇಲ್ಲೇ ಉಂಡಿದ್ದ."

ಆ ರಾತ್ರಿ ಯಾರೂ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಸೊಸೆ ಸಮವಸ್ತ್ರದಲ್ಲಿ, ಹೆಲ್ಮೆಟ್ ಹಾಕಿಕೊಂಡು, ಕಚೇರಿಯ ಏಣಿಯೊಂದಿಗೆ ತನ್ನದೇ ಮನೆಯ ಮುಂದೆ ಬಂದು ನಿಂತಳು. ಟ್ರಾನ್ಸ್‌ಫಾರ್ಮರಿನ ಫ್ಯೂಸುಗಳು ಆಗಲೇ ಅವಳ ಜೇಬಿನಲ್ಲಿದ್ದವು. ಬೀದಿಯವರೆಲ್ಲ ಬಾಗಿಲಿಗೆ ಬಂದರು. ಸೊಸೆ ಕರೆಂಟ್ ತೆಗೆಯುವುದನ್ನು ನೋಡಿ ಈ ಸಲ ಯಾರೂ ನಗಲಿಲ್ಲ. ಜೊತೆಗೆ ಬಂದಿದ್ದ ಹೊಸಬ ಏಣಿ ಹಿಡಿಯಲು ಹೋದ. ಅವಳು ಅವನನ್ನು ತಡೆದು, ಮಾವನನ್ನು ಕರೆದಳು.

ಮಾವ ಬಹಳ ಹೊತ್ತು ಹೊರಗೆ ಬರಲಿಲ್ಲ. ಅವಳು ಬಿಸಿಲಲ್ಲಿ ಕಾದಳು. ಕೊನೆಗೆ ಮೊಮ್ಮಗಳು ಕೈ ಹಿಡಿದು ಕರೆತಂದಳು. ಅವನು ಏಣಿಯ ಎರಡೂ ಕಡೆ ಹಿಡಿದ. ಅವಳು ಹತ್ತಿದಳು. ಬೆಲ್ಟ್ ಕಟ್ಟಿದಳು. ಟೆಸ್ಟರ್ ಇನ್ನೂ ಚೀಲದಲ್ಲೇ ಇತ್ತು. ಬಲಗೈಯ ಗವಸು ತೆಗೆದು ಸೊಂಟಕ್ಕೆ ಸಿಕ್ಕಿಸಿ, ಮನೆಗೆ ಇಳಿಯುವ ತಂತಿಯಿಂದ ಒಂದು ಗೇಣು ದೂರದಲ್ಲಿ ಬರಿಗೈ ನಿಲ್ಲಿಸಿದಳು. ಕೆಳಗೆ ಮಾವ ಕತ್ತು ಎತ್ತಿ ಆ ಕೈಯನ್ನೇ ನೋಡುತ್ತಿದ್ದ.

"ಮಾವ, ಕರೆಂಟ್ ಇದೆಯಾ?"

ಅವನು ಒಮ್ಮೆ ಮನೆಯ ಕಡೆ ನೋಡಿದ. ಏಣಿಯನ್ನು ಹೊಸಬನ ಕೈಗೆ ಕೊಟ್ಟು ಒಳಗೆ ಓಡಿದ. ಮೇನ್ ಸ್ವಿಚ್ ಇಳಿಸಿದ. ಕಾಂಪೌಂಡಿಗೆ ಹೋಗಿ ಮಷಿನ್ನಿನ ಪೆಟ್ರೋಲ್ ಕೀಲಿ ಮುಚ್ಚಿ, ಮುಟ್ಟಿ, ತಣ್ಣಗಿದೆ ಎಂದು ನೋಡಿದ. ಅಡುಗೆಮನೆಗೆ ಹೋಗಿ ಬೋರ್ಡು ನೋಡಿದ. ಏದುಸಿರು ಬಿಡುತ್ತ ಬಂದು ಮತ್ತೆ ಏಣಿ ಹಿಡಿದ. ಇದಕ್ಕೆಲ್ಲ ಹನ್ನೆರಡಲ್ಲ, ಇನ್ನೂರು ಎಣಿಸುವಷ್ಟು ಹೊತ್ತು ಹಿಡಿಯಿತು. ಬೀದಿಯಲ್ಲಿ ಒಬ್ಬರೂ ಸೀಟಿ ಹೊಡೆಯಲಿಲ್ಲ.

"ಇಲ್ಲ" ಎಂದ.

ಅವಳ ಕೈ ಕದಲಲಿಲ್ಲ.

"ಎಲ್ಲೀವರೆಗೆ?"

ಮಾವ ಏಣಿಗೆ ಹಣೆ ಹಚ್ಚಿ ನಿಂತ.

"ನೀನು ಹೇಳೋವರೆಗೆ."

ಅವಳು ಗವಸು ಹಾಕಿಕೊಂಡು, ಟೆಸ್ಟರ್ ಹಿಡಿದು ನೋಡಿ, ತಂತಿ ಕತ್ತರಿಸಿದಳು.